ನಾಗಲಿಂಗದ ಮರದ ಕೆಳಗೆ

ಬನ್ನಿ ಬನ್ನಿ. ಈ ವಿಡಿಯೊದಲ್ಲಿರುವುದು ನಮ್ಮ ಬಡಾವಣೆಯ ಪಾರ್ಕು. ಕಾಂಡ ನೋಡಿ, ಮೈತುಂಬ ಹೂವು! ಕೊಂಬೆಯ ತುದಿಯಲ್ಲಲ್ಲ, ಕಾಂಡದಿಂದಲೇ ಗೊಂಚಲು ಹೊರಡುತ್ತದೆ. ನಾಗಲಿಂಗ ಪುಷ್ಪ.

ಈಗ ಹತ್ತಿರದಿಂದ. ಮಧ್ಯೆ ಗುಂಡಗಿರುವುದು ಲಿಂಗ. ಅದರ ಮೇಲೆ ಬಾಗಿ ನಿಂತದ್ದು ಹೆಡೆ. ಈ ಹೆಸರಿಟ್ಟವರಿಗೆ ಎಂಥ ಕಣ್ಣು, ಅಲ್ವಾ? ಮರ ದಕ್ಷಿಣ ಅಮೆರಿಕದ್ದು. 1775ರಲ್ಲಿ ಓಬ್ಲೆ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಇದಕ್ಕೆ ಕೊಟ್ಟ ವೈಜ್ಞಾನಿಕ ಹೆಸರಲ್ಲೇ ಅಲ್ಲಿನ ಗಯಾನಾ ಪ್ರದೇಶದ ಹೆಸರಿದೆ. ಇಲ್ಲಿಗೆ ಬಂದ ಮೇಲೆ ನಮ್ಮವರು ಹೂವಿನೊಳಗೆ ಶಿವನನ್ನು ಕಂಡರು. ಮರ ಗುಡಿಯ ಅಂಗಳ ಸೇರಿತು. ಇಂಗ್ಲಿಷ್‌ನವರು ಕಾಯಿ ನೋಡಿ ಕ್ಯಾನನ್‌ಬಾಲ್ ಅಂದರು, ಫಿರಂಗಿ ಗುಂಡು. ಇಷ್ಟು ಚಂದದ ಹೂವು ಬಿಟ್ಟು ಕಾಯಿ ನೋಡುವುದಾ? ನನಗಂತೂ ಆ ಹೆಸರು ಹಿಡಿಸುವುದಿಲ್ಲ.

ಇಲ್ಲಿ ಕ್ಯಾಮೆರಾ ಅಲ್ಲಾಡಿತಲ್ಲ, ಅದು ಕಾಯಿ ಬಿದ್ದದ್ದು. ಬೆಂಚಿನ ಪಕ್ಕವೇ ಬಿದ್ದು ಒಡೆಯಿತು. ತಿರುಳು ಬ್ಯಾಗಿಗೆ, ಚಪ್ಪಲಿಗೆ, ಎಲ್ಲದಕ್ಕೂ ಸಿಡಿಯಿತು. ಆ ನಾತ! ಹೂವಿನ ಪರಿಮಳ ಎಲ್ಲಿ, ಇದೆಲ್ಲಿ. ಬಿಳಿ ತಿರುಳು ಗಾಳಿ ತಾಗಿ ನೀಲಿಗೆ ತಿರುಗುತ್ತದೆ, ನೋಡಿ. ಸೋಪು, ನಿಂಬೆಹಣ್ಣು, ಅಡುಗೆ ಸೋಡಾ ಎಲ್ಲ ಹಾಕಿ ಉಜ್ಜಿದೆ. ಬ್ಯಾಗು ಇನ್ನೂ ಬಾಲ್ಕನಿಯಲ್ಲೇ ಇದೆ. ಬ್ಯಾಗು ಹೋಗಲಿ, ಈ ಮರದ ಕೆಳಗೆ ಬೆಂಚು ಯಾಕೆ ಹಾಕಿದರು? ಸಂಜೆ ವಯಸ್ಸಾದವರು ಕೂರುತ್ತಾರೆ, ಮಕ್ಕಳು ಆಡುತ್ತಾರೆ. ಆ ಕಾಯಿ ತಲೆ ಮೇಲೆ ಬಿದ್ದರೆ? ಬೆಂಚು ಆಚೆ ಸರಿಸಿ, ಸುತ್ತ ಒಂದು ಬೇಲಿ ಹಾಕಿ. ಜಾಸ್ತಿ ಖರ್ಚೇನೂ ಇಲ್ಲ.

ಈಗ ನನಗೆ ಫಿರಂಗಿ ಗುಂಡೇ ಸರಿ ಅನಿಸುತ್ತದೆ. ಆ ಹೆಸರು ಕೇಳಿದವರು ಇಲ್ಲಿ ಬೆಂಚು ಹಾಕುತ್ತಿರಲಿಲ್ಲ. ನಮ್ಮವರು ಹೂವು ನೋಡಿದರು, ಅವರು ಕಾಯಿ ನೋಡಿದರು. ಎರಡೂ ಹೆಸರು ಬೋರ್ಡಿನಲ್ಲಿ ಬರೆಯಬೇಕು.

ಹೀಗೆ ರೂಪ ನೋಡಿ ಹೆಸರಿಟ್ಟವು ಇನ್ನೂ ಇವೆ. ಇದು ಪಕ್ಕದ ಪಾತಿಯ ಕೋಳಿಜುಟ್ಟಿನ ಹೂವು. ಬಣ್ಣ, ಮಡಿಕೆ ಎಲ್ಲ ಹುಂಜದ ಜುಟ್ಟೇ. ಬೇಲಿ ಮೇಲಿರುವುದು ಶಂಖಪುಷ್ಪ. ಹಾಗೇ ಗಿಣಿಮೂತಿ ಮಾವು. ಕೊಕ್ಕಿನಂಥ ಆ ತುದಿ ಕತ್ತರಿಸಿ ಉಪ್ಪು ಖಾರ ಹಚ್ಚಿಕೊಂಡರೆ ಬಾದಾಮಿ ಮಾವು ಯಾರಿಗೆ ಬೇಕು! ಅಲ್ಲ, ಬಾದಾಮಿಯೂ ಬೇಕು, ರಸಾಯನಕ್ಕೆ.

ಅಯ್ಯೋ, ಶಾಟ್ ಮುಗಿಯುತ್ತಿದೆ. ಹೂವು ನೋಡಬೇಕಿದ್ದರೆ ಬೆಳಿಗ್ಗೆ ಬೇಗ ಹೋಗಿ, ಅರಳಿದ ಹೂವು ಒಂದೇ ದಿನಕ್ಕೆ ಉದುರುತ್ತದೆ. ಬಿದ್ದದ್ದನ್ನು ಆರಿಸಿಕೊಳ್ಳಿ, ಕೀಳಬೇಡಿ. ಮೊದಲು ತಲೆ ಎತ್ತಿ ಕಾಯಿ ಎಲ್ಲಿದೆ ನೋಡಿಕೊಳ್ಳಿ.