ಬಂದೂಕಿನ ಅಂಕಿಗಳನ್ನು ನಂಬುವುದು ಹೇಗೆ?

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಅಮೆರಿಕದ ಬಂದೂಕು ಸಂಶೋಧನೆಯ ಮಾತು ಬಂದ ಕೂಡಲೇ ‘ಅದಕ್ಕೆ ಹಣ ಕೊಟ್ಟವರು ಯಾರು?’ ಎಂದು ಕೇಳುವುದು ವಾಡಿಕೆಯಾಗಿದೆ. ಕೇಳಲಿ. ಆದರೆ ಅಷ್ಟಕ್ಕೇ ವಿಚಾರಣೆ ಮುಗಿಯಿತೆನ್ನುವವರ ಮೇಲೆ ನನ್ನ ತಕರಾರಿದೆ. ನನ್ನ ಪ್ರಶ್ನೆ ಬೇರೆ: ಲೆಕ್ಕ ಹಾಕಿದ ಬಗೆಯನ್ನು ಎದುರಾಳಿಯ ಮುಂದೆ ಬಿಚ್ಚಿಟ್ಟಿದ್ದಾರೆಯೇ?

1986ರಲ್ಲಿ ವೈದ್ಯರಾದ ಆರ್ಥರ್ ಕೆಲ್ಲರ್ಮನ್ ಮತ್ತು ಡೊನಾಲ್ಡ್ ರೇ ಅವರು ಸಿಯಾಟಲ್ ಪ್ರದೇಶದ ಸಾವುಗಳನ್ನು ಪರಿಶೀಲಿಸಿ, ಮನೆಯಲ್ಲಿಟ್ಟ ಬಂದೂಕಿನಿಂದ ಆತ್ಮರಕ್ಷಣೆಯ ಒಂದು ಹತ್ಯೆ ನಡೆದರೆ ಬೇರೆ ಬಗೆಯ ಸಾವುಗಳು 43 ಎಂದು ವರದಿ ಮಾಡಿದರು. ಆ 43ರಲ್ಲಿ 37 ಆತ್ಮಹತ್ಯೆಗಳು. ಇದು ಪ್ರಬಂಧದಲ್ಲೇ ಅಚ್ಚಾಗಿತ್ತು. ಅದನ್ನು ನುಂಗಿಹಾಕಿದವರು ಸಂಶೋಧಕರಲ್ಲ, 43ನ್ನಷ್ಟೇ ಹಿಡಿದು ಘೋಷಣೆ ಕೂಗಿದವರು.

ಈಗ ನನಗೆ ಬಹಳ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. 1995ರಲ್ಲಿ ಅಪರಾಧಶಾಸ್ತ್ರಜ್ಞರಾದ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗರ್ಟ್ಸ್ ತಾವು ನಡೆಸಿದ್ದ ದೂರವಾಣಿ ಸಮೀಕ್ಷೆಯ ಆಧಾರದ ಮೇಲೆ, ವರ್ಷಕ್ಕೆ ಸುಮಾರು 25 ಲಕ್ಷ ಬಾರಿ ಜನ ಬಂದೂಕಿನಿಂದ ತಮ್ಮನ್ನು ಕಾಪಾಡಿಕೊಳ್ಳುತ್ತಾರೆಂದರು. ಅಪರಾಧಶಾಸ್ತ್ರದ ಹಿರಿಯ ವಿದ್ವಾಂಸ ಮಾರ್ವಿನ್ ವುಲ್ಫ್‌ಗ್ಯಾಂಗ್ ಬಂದೂಕಿನ ಕಡುವಿರೋಧಿ; ತಮಗೆ ಅಧಿಕಾರವಿದ್ದರೆ ನಾಗರಿಕರಿಂದ, ಬಹುಶಃ ಪೊಲೀಸರಿಂದಲೂ, ಅದನ್ನು ಕಿತ್ತುಕೊಳ್ಳುವೆನೆಂದವರು. ಅಂಥವರು ಅದೇ ವರ್ಷ, ಈ ತೀರ್ಮಾನ ತಮಗೆ ಹಿಡಿಸದಿದ್ದರೂ ಅಧ್ಯಯನದ ವಿಧಾನದಲ್ಲಿ ತಪ್ಪು ಕಾಣುತ್ತಿಲ್ಲವೆಂದು ಹೆಸರು ಹಾಕಿ ಬರೆದರು. ನಮ್ಮ ವಿಮರ್ಶಾ ಲೋಕದಲ್ಲಿ ಇಂಥ ಒಂದು ಸಾಲು ಬರೆಯುವುದಕ್ಕೆ ಎಷ್ಟು ಧೈರ್ಯ ಬೇಕೆಂದು ತಮಗೆ ವಿವರಿಸಬೇಕಾಗಿಲ್ಲ!

ಆದರೆ ಪ್ರಾಮಾಣಿಕ ಕಣ್ಣಿಗೂ ತಪ್ಪುವ ಸಂಗತಿಗಳಿವೆ. ಹಾರ್ವರ್ಡ್‌ನ ಡೇವಿಡ್ ಹೆಮೆನ್‌ವೇ ಮುಂದೆ ಎತ್ತಿದ ಆಕ್ಷೇಪವನ್ನು ಹೀಗೆ ಹೇಳಬಹುದು: ಸಾವಿರ ಮಂದಿಯಲ್ಲಿ ನಿಜವಾಗಿ ಬಂದೂಕು ಬಳಸಿದವನು ಒಬ್ಬನೇ ಇದ್ದು, ಉಳಿದವರಲ್ಲಿ ಹತ್ತು ಜನ ಘಟನೆಯ ವರ್ಷ ಮರೆತೋ ಜಂಬಕ್ಕೋ ‘ಹೌದು’ ಎಂದರೆ, ಸಮೀಕ್ಷೆಯ ಅಂದಾಜು ನಿಜಸಂಖ್ಯೆಯ ಹನ್ನೊಂದು ಪಟ್ಟಾಗುತ್ತದೆ. ಕ್ಲೆಕ್ ಇದನ್ನು ಒಪ್ಪಲಿಲ್ಲ. ಆದರೂ ಜಗಳ ಸಾಧ್ಯವಾದದ್ದೇ ವಿಧಾನ ಅಚ್ಚಿನಲ್ಲಿದ್ದುದರಿಂದ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. 1996ರ ಡಿಕಿ ತಿದ್ದುಪಡಿಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಅಮೆರಿಕದ ಸಂಸತ್ತಿನವರು ಪಕ್ಷಪಾತದ ಆರೋಪ ಹೊರಿಸಿ, ಇಂಥ ಸಂಶೋಧನೆಗೆ ಹಣ ಕೊಡುತ್ತಿದ್ದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಅನುದಾನದಿಂದ 26 ಲಕ್ಷ ಡಾಲರ್ ಕಡಿತ ಮಾಡಿದರು; 2020ರ ಬಜೆಟ್‌ನವರೆಗೆ ಈ ಸಂಶೋಧನೆಗೆಂದೇ ಹಣ ಮೀಸಲಿಡಲಿಲ್ಲ. ಲೆಕ್ಕ ತಪ್ಪೆಂದು ತೋರಿಸುವುದಕ್ಕಿಂತ ಲೆಕ್ಕವನ್ನೇ ನಿಲ್ಲಿಸುವುದು ಸುಲಭವಾಗಿತ್ತು.

ಕೊನೆಯದಾಗಿ ಬಂದೂಕಿನ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಜಾನ್ ಲಾಟ್. ಅವರು ತಮ್ಮ ಒಂದು ಸಮೀಕ್ಷೆಯ ಕಡತ ಕಂಪ್ಯೂಟರ್ ಕೆಟ್ಟು ಅಳಿಸಿಹೋಯಿತೆಂದರು. ಮೇರಿ ರೋಶ್ ಎಂಬ ಹೆಸರಿನ ಮರೆಯಲ್ಲಿ ಅಂತರ್ಜಾಲದಲ್ಲಿ ತಮ್ಮನ್ನು ತಾವೇ ಹೊಗಳಿಕೊಂಡದ್ದನ್ನು 2003ರಲ್ಲಿ ಒಪ್ಪಿಕೊಂಡರು. ನಗಬಹುದು. ಆದರೆ ಬಂದೂಕು ಒಯ್ಯುವ ಹಕ್ಕಿನ ಕಾನೂನುಗಳಿಂದ ಅಪರಾಧ ತಗ್ಗಿತೆಂಬ ವಾದಕ್ಕೆ ಬಳಸಿದ ಕೌಂಟಿವಾರು, ಅಂದರೆ ಜಿಲ್ಲಾವಾರು, ದತ್ತಾಂಶವನ್ನು ಅವರೇ ಇತರರಿಗೆ ಕೊಟ್ಟಿದ್ದರು. ಅದನ್ನು ಮತ್ತೆ ಲೆಕ್ಕ ಹಾಕಿದ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ, ಅಪರಾಧ ಹೆಚ್ಚಿತೆನ್ನಲೂ ತಗ್ಗಿತೆನ್ನಲೂ ಪುರಾವೆ ಸಾಲದೆಂದು 2004ರಲ್ಲಿ ಹೇಳಿತು. ಕೊಲೆಗಳ ಮಟ್ಟಿಗೆ ಲಾಟ್ ವಾದ ನಿಲ್ಲುತ್ತದೆಂದು ಸದಸ್ಯ ಜೇಮ್ಸ್ ಕ್ಯೂ. ವಿಲ್ಸನ್ ಭಿನ್ನಮತ ಬರೆದರು. ಆ ಭಿನ್ನಮತವೂ ಸಮಿತಿ ಅದಕ್ಕಿತ್ತ ಉತ್ತರವೂ ಒಂದೇ ವರದಿಯಲ್ಲಿ ಅಚ್ಚಾಗಿವೆ. ಎರಡನ್ನೂ ಓದಿಬಂದವರೊಡನೆ ಚರ್ಚೆಗೆ ನಾನು ಸಿದ್ಧ.