ಎದುರಾಳಿ ಜೊತೆ ಸೇರೋದಾ, ಹೊರಗಿನವರ ಜೊತೆನಾ? ಒಂದು ಆಲೆಮನೆ ಲೆಕ್ಕ

[ದೃಶ್ಯ: ಮಂಡ್ಯದ ಹತ್ತಿರದ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ.]

ನಮಸ್ಕಾರ. ವಿಡಿಯೋ ಸ್ವಲ್ಪ ಮಬ್ಬಾಗಿದೆ ಅನಿಸಿದರೆ ಅದು ಕ್ಯಾಮೆರಾ ತಪ್ಪಲ್ಲ, ಹೊಗೆ. ಇದು ನಮ್ಮ ಚಿಕ್ಕಪ್ಪನ ಆಲೆಮನೆ. ರಸ್ತೆ ಆಚೆ ಇನ್ನೊಂದು ಹೊಗೆ ಏಳುತ್ತಿದೆಯಲ್ಲ, ಅದು ಇನ್ನೊಬ್ಬರದು. ಇಬ್ಬರಿಗೂ ಬೇಕಾಗಿರುವುದು ಇದೇ ಸುತ್ತಮುತ್ತಲ ಕಬ್ಬು. ಇಬ್ಬರ ಬೆಲ್ಲವೂ ಹೋಗುವುದು ಮಂಡ್ಯದ ಅದೇ ಮಾರುಕಟ್ಟೆಗೆ. ಅಂದರೆ ಪಕ್ಕಾ ಎದುರಾಳಿಗಳು.

ಈ ಸಲ ಚಿಕ್ಕಪ್ಪನ ಮುಂದೆ ಎರಡು ಮಾತು ಬಂದಿವೆ. ರಸ್ತೆ ಆಚೆಯವರು ಹೇಳಿದ್ದು: "ಅಣ್ಣ, ಬೆಲ್ಲದ ಪುಡಿ ಒಣಗಿಸೋ ಮಿಷನ್ ಇಬ್ರೂ ಸೇರಿ ತಕೊಳವಾ. ಒಬ್ಬೊಬ್ರಿಗೆ ಬಾರ." ಇನ್ನೊಂದು ಮಾತು ಮೈಸೂರಿನ ಒಂದು ಅಂಗಡಿಯವರದು. "ಪುಡಿ ನೀವು ಮಾಡಿ ಕೊಡಿ. ಪ್ಯಾಕೆಟ್, ಹೆಸರು, ಮಾರಾಟ ನಮ್ಮದು."

ಯಾರ ಜೊತೆ ಹೋಗಬೇಕು? ಕೇಳಿದವರೆಲ್ಲ ಅಂಗಡಿ ಕಡೆಗೇ ಕೈ ತೋರಿಸಿದರು. ಎದುರಾಳಿ ಸಹವಾಸ ಯಾಕೆ ಅಂತ. ನನಗೆ ಅಷ್ಟು ಸುಲಭ ಅನಿಸಲಿಲ್ಲ.

[ದೃಶ್ಯ: ಬೆಂಗಳೂರು–ಮೈಸೂರು ರಸ್ತೆ, ಬಿಡದಿ.]

ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ನಾವೆಲ್ಲ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸುತ್ತೇವೆ. ಅಲ್ಲೇ ಟೊಯೋಟಾ ಕಾರ್ಖಾನೆ ಇದೆ. ಆ ಕಾರ್ಖಾನೆಯಿಂದ 2022ರಲ್ಲಿ ಎರಡು ಕಾರು ಬಂದವು: ಟೊಯೋಟಾ ಹೈರೈಡರ್, ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ. ಹೌದು, ಮಾರುತಿಯ ಕಾರನ್ನು ಟೊಯೋಟಾ ತಯಾರಿಸುತ್ತದೆ. ಅದಕ್ಕೂ ಮೊದಲು, 2019ರಲ್ಲಿ, ಟೊಯೋಟಾ ಗ್ಲಾಂಜಾ ಅಂತ ಒಂದು ಕಾರು ಬಿಟ್ಟಿತು. ಅದು ಮಾರುತಿ ಬಲೆನೋನೇ. ಮುಂದಿನ ಲಾಂಛನ ಬೇರೆ, ಅಷ್ಟೇ.

ಶೋರೂಮಿನಲ್ಲಿ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆಯುವವರು ಇವರು. ಆದರೂ ಯಾಕೆ ಸೇರಿದರು? ಟೊಯೋಟಾ ಹತ್ತಿರ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ತಂತ್ರಜ್ಞಾನ ಇತ್ತು, ನಮ್ಮ ಮಾರುಕಟ್ಟೆಗೆ ಹೊಂದುವ ಕಡಿಮೆ ಬೆಲೆಯ ಸಣ್ಣ ಕಾರು ಇರಲಿಲ್ಲ. ಸುಜುಕಿಯದು ಇದರ ಉಲ್ಟಾ. ಹೊಸದಾಗಿ ಕಾರು ಮಾಡಲು ಹೊರಟರೆ ವರ್ಷಗಟ್ಟಲೆ ಸಮಯ, ಸಾವಿರಾರು ಕೋಟಿ ದುಡ್ಡು. ಪಕ್ಕದ ಮನೆಯಲ್ಲಿ ಇರುವುದನ್ನು ಮಾಡಲು ಮತ್ತೆ ಒಲೆ ಹಚ್ಚುವುದು ಯಾಕೆ?

ಮೊಬೈಲ್ ಟವರ್ ಕಥೆಯೂ ಹೀಗೇ. 2007ರಲ್ಲಿ ಏರ್‌ಟೆಲ್, ವೊಡಾಫೋನ್, ಐಡಿಯಾ ಸೇರಿ ಇಂಡಸ್ ಟವರ್ಸ್ ಕಟ್ಟಿದವು. ಟೀವಿ ಜಾಹೀರಾತಿನಲ್ಲಿ ಕಿತ್ತಾಟ, ಗದ್ದೆ ಬದುವಿನ ಟವರಿನಲ್ಲಿ ಒಟ್ಟಿಗೆ ಸಂಸಾರ. ಗಿರಾಕಿ ಟವರ್ ನೋಡಿ ಸಿಮ್ ತಗೊಳ್ಳೋದಿಲ್ಲ ಅಲ್ವಾ?

[ದೃಶ್ಯ: ಹಳೆಯ ಹೀರೋ ಹೋಂಡಾ ಬೈಕ್, ಕಬ್ಬಿನ ಗದ್ದೆ ಪಕ್ಕ.]

ಈಗ ಹೊರಗಿನವರ ಜೊತೆ ಸೇರಿದ ಕಥೆ. ಈ ಬೈಕ್ ಗುರುತು ಸಿಕ್ಕಿರಬೇಕು. ನಮ್ಮ ಕಡೆ ಇದರ ಮೇಲೆ ಹಾಲಿನ ಕ್ಯಾನ್ ಹೋಗದ ಊರಿಲ್ಲ. ಹೀರೋದವರು ಲೂಧಿಯಾನದ ಸೈಕಲ್ ಕಂಪನಿಯವರು. ಹೋಂಡಾ ಜಪಾನಿನ ಬೈಕ್ ಕಂಪನಿ. ಒಬ್ಬರಿಗೊಬ್ಬರು ಎದುರಾಳಿಯೇ ಅಲ್ಲ. 1984ರಲ್ಲಿ ಒಂದಾದರು. ಎಂಜಿನ್ ಅವರದು, ಊರೂರಿನ ಡೀಲರುಗಳು ಇವರದು. ಇಬ್ಬರೂ ಚೆನ್ನಾಗಿ ದುಡಿದರು.

ಆದರೆ ಹೋಂಡಾ ಅಷ್ಟೂ ವರ್ಷ ಸುಮ್ನೆ ಎಂಜಿನ್ ಕೊಟ್ಟುಕೊಂಡು ಕೂತಿರಲಿಲ್ಲ. ನಮ್ಮ ಜನಕ್ಕೆ ಯಾವ ಗಾಡಿ ಬೇಕು, ಎಷ್ಟು ಮೈಲೇಜ್ ಬೇಕು, ಬಿಡಿಭಾಗ ಎಲ್ಲಿ ಮಾಡಿಸಬೇಕು, ಎಲ್ಲ ಕಲಿಯಿತು. 1999ರಲ್ಲಿ ಇಲ್ಲೇ ತನ್ನದೇ ಕಂಪನಿ ತೆರೆಯಿತು. 2001ರಲ್ಲಿ ಆಕ್ಟಿವಾ ಬಂತು. 2010ರ ಕೊನೆಗೆ ಇಬ್ಬರೂ ಬೇರೆಯಾಗುವುದು ತೀರ್ಮಾನವಾಯಿತು. ಈಗ ಕೋಲಾರದ ನರಸಾಪುರದಲ್ಲಿ ಹೋಂಡಾಗೆ ದೊಡ್ಡ ಕಾರ್ಖಾನೆಯೇ ಇದೆ. 26 ವರ್ಷದ ನೆಂಟಸ್ತಿಕೆಯಿಂದ ಹೀರೋಗೆ ಒಬ್ಬ ಹೊಸ ಎದುರಾಳಿ ಸಿಕ್ಕಿದ. ಹೀರೋಗೆ ಮೋಸ ಆಯಿತು ಅಂತ ನಾನು ಹೇಳುತ್ತಿಲ್ಲ. ಅದೂ ಅಷ್ಟೊತ್ತಿಗೆ ದೇಶದ ದೊಡ್ಡ ಬೈಕ್ ಕಂಪನಿ ಆಗಿತ್ತು. ಆದರೆ ಹೊರಗಿನವರು ಯಾವಾಗಲೂ ಹೊರಗಿನವರಾಗೇ ಇರುತ್ತಾರೆ ಅನ್ನುವ ಲೆಕ್ಕ ತಪ್ಪು.

ಚಿಕ್ಕಪ್ಪ ಇದನ್ನೇ ಕೊಪ್ಪರಿಗೆ ಮುಂದೆ ನಿಂತು ಒಂದು ಮಾತಲ್ಲಿ ಹೇಳಿದರು.

[ದೃಶ್ಯ: ಚಿಕ್ಕಪ್ಪ ನೊರೆ ತೆಗೆಯುತ್ತಿದ್ದಾರೆ. ಒಂದು ಹನಿ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ.]

"ರಸ್ತೆ ಆಚೆಯವ್ನಿಗೆ ನಾನ್ ಹೊಸ್ದಾಗಿ ಕಲ್ಸದೇನದೆ ಮಗ? ಅವ್ನ್ ಪಾಕ ನಂಗೊತ್ತು, ನನ್ ಪಾಕ ಅವ್ನಿಗ್ಗೊತ್ತು. ಆ ಅಂಗ್ಡಿಯವ್ರಿಗೆ ಏನೂ ಗೊತ್ತಿಲ್ಲ. ಅದೇ ಭಯ."

ಹೋದ ವರ್ಷ ಇವರ ಗಾಣದ ಬೇರಿಂಗ್ ಹೋಯಿತು. ಅಂಗಳದಲ್ಲಿ ಎರಡು ಟ್ರ್ಯಾಕ್ಟರ್ ಕಬ್ಬು ಬಿದ್ದಿತ್ತು. ಕಡಿದ ಕಬ್ಬು ಕಾಯುವುದಿಲ್ಲ. ಹೊತ್ತು ಕಳೆದಷ್ಟೂ ತೂಕ ಇಳಿಯುತ್ತದೆ, ಬೆಲ್ಲವೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆ ರಾತ್ರಿ ಕಬ್ಬು ಅರೆದಿದ್ದು ರಸ್ತೆ ಆಚೆಯ ಗಾಣದಲ್ಲೇ. ಬಾಡಿಗೆ ಮಾತ್ರ ಒಂದು ರೂಪಾಯಿ ಬಿಡಲಿಲ್ಲ ಮಾರಾಯ!

ಒಂದು ಎಚ್ಚರಿಕೆ. ಮಿಷನ್ ಹಂಚಿಕೊಳ್ಳಬಹುದು, ಬೆಲೆ ಹಂಚಿಕೊಳ್ಳುವ ಹಾಗಿಲ್ಲ. "ಇಷ್ಟಕ್ಕಿಂತ ಕಡಿಮೆಗೆ ಇಬ್ಬರೂ ಮಾರೋದು ಬೇಡ" ಅಂತ ಎದುರಾಳಿಗಳು ಒಳಗೊಳಗೇ ಮಾತಾಡಿಕೊಂಡರೆ 2002ರ ಸ್ಪರ್ಧಾ ಕಾಯ್ದೆ ಪ್ರಕಾರ ಅದು ಕಾರ್ಟೆಲ್. ಅದು ನಡೆದ ಪ್ರತಿ ವರ್ಷಕ್ಕೂ ಲಾಭದ 3 ಪಟ್ಟು ಅಥವಾ ವಹಿವಾಟಿನ ಶೇ. 10, ಯಾವುದು ಜಾಸ್ತಿಯೋ ಅಲ್ಲಿವರೆಗೆ ದಂಡ ಬೀಳಬಹುದು. ಕಾಫಿ ಕುಡೀತಾ ಆಡಿದ ಮಾತಾದರೂ ಅಷ್ಟೇ, ಕಾಗದವೇ ಬೇಕಂತಿಲ್ಲ.

[ದೃಶ್ಯ: ಮತ್ತೆ ಆಲೆಮನೆ. ಸಂಜೆ.]

ಕೊನೆಗೆ ಚಿಕ್ಕಪ್ಪ ಎದುರಾಳಿಗೆ ಹೂಂ ಅಂದರು. ಯಾವ ದಿನ ಯಾರದು, ರಿಪೇರಿ ಖರ್ಚು ಯಾರದು, ಒಬ್ಬರು ಬಿಟ್ಟು ಹೋದರೆ ಇನ್ನೊಬ್ಬರು ಎಷ್ಟು ಕೊಡಬೇಕು, ಎಲ್ಲ ಛಾಪಾ ಕಾಗದದಲ್ಲಿ ಬರೆಸಿದರು. ಅಂಗಡಿಯವರಿಗೂ ಇಲ್ಲ ಅನ್ನಲಿಲ್ಲ. ಪುಡಿ ಕೊಡುತ್ತೇನೆ, ಆದರೆ ಪ್ಯಾಕಿಂಗ್ ಇಲ್ಲೇ ಆಗಬೇಕು, ಪ್ಯಾಕೆಟ್ ಮೇಲೆ ನಿಮ್ಮ ಹೆಸರಿನ ಕೆಳಗೆ ನಮ್ಮ ಆಲೆಮನೆ ಹೆಸರೂ ಇರಬೇಕು ಅಂದರು. "ಯೋಚನೆ ಮಾಡಿ ಹೇಳ್ತೀವಿ" ಅಂತ ಹೋದವರು ಇನ್ನೂ ಫೋನ್ ಮಾಡಿಲ್ಲ.

ಮಿಷನ್ ನಿನ್ನೆ ಬಂತು. ಬಾಗಿಲು ಸಾಲದೆ ರಸ್ತೆ ಆಚೆಯವರ ಗೋಡೆ ಸ್ವಲ್ಪ ಒಡೆದು ಒಳಗಿಟ್ಟರು. ಎಲ್ಲ ಬರೆಸಿದ್ದ ಕಾಗದದಲ್ಲಿ ಒಂದು ಮರೆತಿತ್ತು. ಕರೆಂಟ್ ಬಿಲ್ ಬರುವುದು ಅವರ ಮೀಟರಿಗೆ. ಈಗ ಅದರದ್ದೇ ಮಾತು ನಡೀತಿದೆ.