ಕುಪ್ಪಿಯ ಬಾಯಿ

ಶ್ರೋತೃಗಳಿಗೆ ನಮಸ್ಕಾರ.

ನಮ್ಮ ಕರಾವಳಿಯಲ್ಲಿ ಮದುವೆಯ ಚಪ್ಪರಕ್ಕೆ ಕಾಲಿಡುವಾಗ ಬಾಗಿಲಲ್ಲಿ ನಿಂತವರು ಪನ್ನೀರುದಾನಿಯನ್ನು ಒಮ್ಮೆ ಕೊಡವಿ ನಮ್ಮ ಮೇಲೆ ನಾಲ್ಕು ಹನಿ ಚಿಮುಕಿಸುತ್ತಾರೆ. ಉರುಟು ಹೊಟ್ಟೆ, ನೀಳ ಕೊರಳು, ತುದಿಯಲ್ಲಿ ಜರಡಿಯಂಥ ಸಣ್ಣ ತೂತುಗಳು. ಅದನ್ನು ಮೆಲ್ಲನೆ ಬಗ್ಗಿಸಿ ಹಿಡಿದರೆ ನೀರು ಧಾರೆಯಾಗಿ ಸುರಿಯುವುದಿಲ್ಲ. ಏಕೆಂದರೆ ಅಷ್ಟು ಕಿರಿದಾದ ತೂತಿನಲ್ಲಿ ನೀರಿನ ಮೇಲ್ಮೈಯೇ ಒಂದು ತೆಳ್ಳನೆಯ ಪೊರೆಯ ಹಾಗೆ ಬಿಗಿದು ನಿಲ್ಲುತ್ತದೆ, ಹೊರಗಿನ ಗಾಳಿ ಒಳಗೆ ನುಗ್ಗಲು ಎಡೆ ಸಿಗುವುದಿಲ್ಲ. ಕೈಯ ಒಂದು ಕೊಡವಿಕೆಗೆ ಆ ಪೊರೆ ಹರಿದು ಬೇಕಾದಷ್ಟೇ ಹನಿಗಳು ಹೊರಬೀಳುತ್ತವೆ. ಸ್ಪ್ರಿಂಗ್ ಇಲ್ಲದೆ, ಕವಾಟವಿಲ್ಲದೆ, ಬರಿಯ ತೂತಿನ ಗಾತ್ರದಿಂದಲೇ ಅಳತೆಯನ್ನು ಸಾಧಿಸಿದ ಈ ಪಾತ್ರೆಯನ್ನು ನಾನು ಅತ್ಯಂತ ಜಾಣ ಉಪಕರಣಗಳಲ್ಲಿ ಒಂದೆಂದು ಎಣಿಸುತ್ತೇನೆ.

ಇಂದು ನಾನು ಮಾತನಾಡಲಿರುವುದು ಇಂಥ ಪಾತ್ರೆಗಳ ಕುರಿತಾಗಿ. ಎಂದರೆ ನಮ್ಮ ಬಚ್ಚಲು ಮನೆಯ ಗೂಡಿನಲ್ಲಿ ಸಾಲಾಗಿ ನಿಂತಿರುವ ಎಣ್ಣೆ, ಶಾಂಪೂ, ಸಾಬೂನು, ಟೂತ್‌ಪೇಸ್ಟ್, ಪೌಡರುಗಳ ಕುಪ್ಪಿ, ಟ್ಯೂಬು, ಡಬ್ಬಿಗಳ ಕುರಿತಾಗಿ. ಇವುಗಳ ಚರಿತ್ರೆಯನ್ನು ಗಮನಿಸಿದಾಗ ನನಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗಿದೆ. ಕುಪ್ಪಿಯ ಹೊಟ್ಟೆ ನೂರಾರು ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ. ಮನುಷ್ಯನ ಬುದ್ಧಿಯೆಲ್ಲ ಖರ್ಚಾಗಿರುವುದು ಅದರ ಬಾಯಿಗೆ. ಹಾಗಿದ್ದೂ ಅಷ್ಟು ಬುದ್ಧಿ ಸುರಿದು ಮಾಡಿದ ಆ ಬಾಯಿಯನ್ನು ನಾವು ಒಂದೇ ಸಲ ಬಳಸಿ ಎಸೆಯುತ್ತಿದ್ದೇವೆ.

ಟ್ಯೂಬಿನಿಂದ ಆರಂಭಿಸೋಣ. ಅದು ಹುಟ್ಟಿದ್ದು ಹಲ್ಲಿಗಾಗಿ ಅಲ್ಲ, ಚಿತ್ರಕ್ಕಾಗಿ. ಹಿಂದೆ ಯುರೋಪಿನ ಚಿತ್ರಕಾರರು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಟ್ಟು, ಬೇಕಾದಾಗ ಚುಚ್ಚಿ ಹಿಂಡಿಕೊಳ್ಳುತ್ತಿದ್ದರು. ಒಮ್ಮೆ ಚುಚ್ಚಿದ ಚೀಲವನ್ನು ಮತ್ತೆ ಸರಿಯಾಗಿ ಮುಚ್ಚುವಂತಿರಲಿಲ್ಲ, ಉಳಿದ ಬಣ್ಣ ಒಣಗಿ ಹೋಗುತ್ತಿತ್ತು. ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ 1841ರಲ್ಲಿ ತವರದ ಮೆತ್ತನೆಯ ಕೊಳವೆಗೆ ಪೇಟೆಂಟ್ ಪಡೆದ. ಹಲ್ಲಿನ ಪೇಸ್ಟು ಆಗಿನ್ನೂ ಭರಣಿಯಲ್ಲಿ ಸಿಗುತ್ತಿತ್ತು, ಮನೆಮಂದಿಯೆಲ್ಲ ಅದೇ ಭರಣಿಗೆ ತಮ್ಮ ಬ್ರಷ್ಷು ಅದ್ದುತ್ತಿದ್ದರು. ಅಮೆರಿಕದ ದಂತವೈದ್ಯ ವಾಷಿಂಗ್ಟನ್ ಶೆಫೀಲ್ಡ್ 1890ರ ದಶಕದ ಆರಂಭದಲ್ಲಿ ಪೇಸ್ಟನ್ನು ಟ್ಯೂಬಿಗೆ ತುಂಬಿಸಿದರು. ಪ್ಯಾರಿಸಿನಲ್ಲಿ ಚಿತ್ರಕಾರರು ಬಣ್ಣದ ಟ್ಯೂಬು ಹಿಂಡುವುದನ್ನು ಕಂಡ ಅವರ ಮಗ ಈ ಯೋಚನೆಯನ್ನು ತಂದನೆಂದು ಹೇಳುವುದುಂಟು. 1896ರಲ್ಲಿ ಕೋಲ್ಗೇಟ್ ಕಂಪೆನಿಯೂ ಅದೇ ದಾರಿ ಹಿಡಿಯಿತು. ಒಬ್ಬರ ಬಾಯಿಯ ಎಂಜಲು ಇನ್ನೊಬ್ಬರ ಬ್ರಷ್ಷಿಗೆ ತಾಗದಂತೆ ಮಾಡಿದ್ದು ಯಾವ ಔಷಧಿಯೂ ಅಲ್ಲ, ಒಂದು ಕಿರಿದಾದ ಬಾಯಿ. ಎಂಜಲಿನ ವಿಚಾರದಲ್ಲಿ ಅಷ್ಟೊಂದು ಕಟ್ಟುನಿಟ್ಟಾಗಿದ್ದ ನಮ್ಮ ಹಿರಿಯರು ಟ್ಯೂಬನ್ನು ಬೇಗನೆ ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ನನ್ನ ವಯಸ್ಸಿನವರಿಗೆ ಅಲ್ಯೂಮಿನಿಯಂ ಟ್ಯೂಬು ನೆನಪಿರಬಹುದು. ಬುಡದಿಂದ ಸುರುಳಿ ಸುತ್ತುತ್ತ ಬಂದರೆ ಅದು ಸುತ್ತಿದಂತೆಯೇ ನಿಲ್ಲುತ್ತಿತ್ತು, ಕೊನೆಯ ಕಾಳಿನಷ್ಟು ಪೇಸ್ಟು ಕೂಡ ಕೈಗೆ ಸಿಗುತ್ತಿತ್ತು. ಆಮೇಲೆ ಬಂದದ್ದು ಪ್ಲಾಸ್ಟಿಕ್ಕಿನ ಪದರಗಳ ನಡುವೆ ತೆಳ್ಳನೆಯ ಅಲ್ಯೂಮಿನಿಯಂ ಹಾಳೆ ಕೂಡಿಸಿದ ಲ್ಯಾಮಿನೇಟ್ ಟ್ಯೂಬು. ನಮ್ಮ ದೇಶದಲ್ಲಿ 1980ರ ದಶಕದಿಂದ ಎಸ್ಸೆಲ್ ಸಂಸ್ಥೆ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಇದು ಒಡೆಯುವುದಿಲ್ಲ, ಸೋರುವುದಿಲ್ಲ, ನೋಡಲು ಚೆಂದ. ಆದರೆ ಹಿಂಡಿ ಬಿಟ್ಟ ಕೂಡಲೇ ಹಿಂದಿನ ಆಕಾರಕ್ಕೆ ಮರಳಿ, ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಗಾಳಿ ತಾಗಿದರೆ ಕೆಡುವ ಮುಲಾಮುಗಳನ್ನು ಇಂದಿಗೂ ಅಲ್ಯೂಮಿನಿಯಂ ಟ್ಯೂಬಿನಲ್ಲಿ ತುಂಬುವುದಕ್ಕೆ ಇದೂ ಒಂದು ಕಾರಣ. ಟ್ಯೂಬಿನ ಕೊನೆಗೆ ಕತ್ತರಿ ಹಾಕಿ ಒಳಗೆ ಬೆರಳಾಡಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಶುರುವಾದದ್ದು ಈ ಬದಲಾವಣೆಯ ನಂತರವೇ.

ಇನ್ನು ನಮಗೆಲ್ಲ ಹತ್ತಿರದ ತೆಂಗಿನೆಣ್ಣೆ. ಬಹುಕಾಲ ಅದು ಅಂಗಡಿಗಳಿಗೆ ಬರುತ್ತಿದ್ದದ್ದು ತಗಡಿನ ಡಬ್ಬಿಯಲ್ಲಿ, ಕಡಲಿನ ಉಪ್ಪುಗಾಳಿಗೆ ಆ ತಗಡು ತುಕ್ಕು ಹಿಡಿಯುತ್ತಿತ್ತು. ಪ್ಯಾರಾಚೂಟ್ ಎಣ್ಣೆಯ ಹರ್ಷ ಮರಿವಾಲಾ ಅದನ್ನು ಪ್ಲಾಸ್ಟಿಕ್ ಕುಪ್ಪಿಗೆ ಬದಲಾಯಿಸಲು ಹೊರಟಾಗ ವ್ಯಾಪಾರಿಗಳು ಒಪ್ಪಲಿಲ್ಲ. ಅದಕ್ಕೂ ಮುಂಚೆ ಬೇರೊಬ್ಬರು ಚೌಕ ಕುಪ್ಪಿಯಲ್ಲಿ ಎಣ್ಣೆ ತುಂಬಿಸಿ ಕಳುಹಿಸಿದ್ದರು. ಅದರ ಮೂಲೆಗಳನ್ನು ಇಲಿಗಳು ಕಚ್ಚಿ ತೂತು ಮಾಡಿ, ಅಂಗಡಿಯ ಸಾಮಾನೆಲ್ಲ ಎಣ್ಣೆಮಯವಾಗಿತ್ತು. ಮರಿವಾಲಾ ಅವರ ತಂಡ ಇಲಿಯ ಹಲ್ಲಿಗೆ ಹಿಡಿತ ಸಿಗದಂತೆ ಮೂಲೆಯೇ ಇಲ್ಲದ ಉರುಟು ಕುಪ್ಪಿಯನ್ನು ಮಾಡಿತು. ಪಂಜರದೊಳಗೆ ಇಲಿಗಳ ಜೊತೆ ಕುಪ್ಪಿಗಳನ್ನಿಟ್ಟು ಪರೀಕ್ಷಿಸಿ, ಅವು ಹಾಗೆಯೇ ಉಳಿದದ್ದನ್ನು ವ್ಯಾಪಾರಿಗಳಿಗೆ ತೋರಿಸಿತು. ಇಡೀ ದೇಶ ಕಂಡ ಆ ನೀಲಿ ಕುಪ್ಪಿಯ ಆಕಾರವನ್ನು ತೀರ್ಮಾನಿಸಿದ್ದು ಇಲಿಯ ಹಲ್ಲು ಎಂಬುದನ್ನು ತಿಳಿದಂದಿನಿಂದ ನಾನು ಯಾವ ಕುಪ್ಪಿಯನ್ನು ಕೈಗೆತ್ತಿಕೊಂಡರೂ ಅದರ ಆಕಾರಕ್ಕೆ ಕಾರಣವೇನೆಂದು ಹುಡುಕುತ್ತೇನೆ.

ಗೂಡಂಗಡಿಯ ಮುಂದೆ ಮಾಲೆಯಾಗಿ ತೂಗುವ ಶಾಂಪೂ ಸ್ಯಾಶೆ ನಮ್ಮ ಪಕ್ಕದ ತಮಿಳುನಾಡಿನ ಕಡಲೂರಿನ ಕೊಡುಗೆ. ಅಲ್ಲಿನ ಚಿನ್ನಿಕೃಷ್ಣನ್ ಅವರು ಸಣ್ಣ ಪ್ಯಾಕೆಟ್ಟಿನಲ್ಲಿ ಶಾಂಪೂ ಮಾರುವ ಪ್ರಯೋಗವನ್ನು ಮಾಡಿದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ಸ್ವಂತ ಉದ್ಯಮ ಆರಂಭಿಸಿ ಚಿಕ್ ಶಾಂಪೂವಿನ ಮೂಲಕ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು. ದಿನದ ಕೂಲಿಯಲ್ಲಿ ಬದುಕುವ ಹೆಣ್ಣುಮಗಳಿಗೆ ಇಡೀ ಕುಪ್ಪಿಯ ಹಣವನ್ನು ಒಮ್ಮೆಲೇ ಹೊಂದಿಸುವುದು ಸಾಧ್ಯವಿರಲಿಲ್ಲ, ಒಂದು ತಲೆಸ್ನಾನದ ಬೆಲೆ ಕೊಡುವುದು ಸಾಧ್ಯವಿತ್ತು. ಇದನ್ನು ನಾನು ನಿಜವಾದ ಉಪಕಾರವೆಂದೇ ಭಾವಿಸುತ್ತೇನೆ. ಆದರೆ ಆ ಪುಟ್ಟ ಚೀಟಿಯಂಥ ಪ್ಯಾಕೆಟ್ಟಿನಲ್ಲಿ ಅಚ್ಚು ಹಿಡಿಯಲು ಒಂದು ಪದರ, ಗಾಳಿ ಬೆಳಕು ತಡೆಯಲು ಒಂದು ಪದರ, ಬಿಸಿಗೆ ಕರಗಿ ಅಂಚು ಬೆಸೆಯಲು ಇನ್ನೊಂದು ಪದರ ಅಂಟಿಕೊಂಡಿವೆ. ಒಮ್ಮೆ ಅಂಟಿದ ಮೇಲೆ ಅವನ್ನು ಬಿಡಿಸುವುದು ಬಲು ಕಷ್ಟ. ಅದಕ್ಕೆ ಬಾಯಿಯೂ ಇಲ್ಲ, ಹರಿಯುವುದಕ್ಕೆಂದು ಅಂಚಿನಲ್ಲೊಂದು ಕಚ್ಚು ಮಾತ್ರ ಇದೆ. ಒದ್ದೆ ಕೈಗೆ ಅದೂ ಜಾರುವುದರಿಂದ ಹಲ್ಲಿನಿಂದ ಕಚ್ಚಿ ತೆರೆಯುತ್ತೇವೆ.

ಈಗ ಪಂಪಿಗೆ ಬರುತ್ತೇನೆ. ಸಾಬೂನಿನ ಕುಪ್ಪಿಯ ತಲೆಯನ್ನು ಒತ್ತಿದಾಗ ಒಳಗೆ ಏನಾಗುತ್ತದೆ ಎಂಬುದನ್ನು ಬಲ್ಲವರು ಕಡಿಮೆ. ಒತ್ತಿದಾಗ ಸಣ್ಣ ಕೊಠಡಿಯೊಂದರೊಳಗೆ ಕೊಂತ, ಎಂದರೆ ಪಿಸ್ಟನ್, ಕೆಳಗಿಳಿಯುತ್ತದೆ, ಕೊಠಡಿಯ ಬುಡದಲ್ಲಿರುವ ಗೋಲಿ ತೂತನ್ನು ಮುಚ್ಚಿಬಿಡುತ್ತದೆ, ಹಿಂದಕ್ಕೆ ಹೋಗಲಾರದ ದ್ರವ ಮೂತಿಯ ಮೂಲಕ ಕೈಗೆ ಬೀಳುತ್ತದೆ. ಕೈ ತೆಗೆದಾಗ ಸ್ಪ್ರಿಂಗ್ ಕೊಂತವನ್ನು ಮೇಲಕ್ಕೆತ್ತುತ್ತದೆ, ಕೊಠಡಿಯಲ್ಲಿ ಒತ್ತಡ ಇಳಿಯುತ್ತದೆ, ಕುಪ್ಪಿಯೊಳಗಿನ ಗಾಳಿಯ ಒತ್ತಡ ದ್ರವವನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ, ಗೋಲಿ ಎದ್ದು ದಾರಿ ಬಿಡುತ್ತದೆ. ಶಾಲೆಯಂಗಳದ ಕೈಪಂಪು ಕೂಡ ಹೀಗೆಯೇ ನೀರೆತ್ತುತ್ತದೆ. ನೊರೆ ಬರುವ ಕುಪ್ಪಿಯಲ್ಲಿ ಗಾಳಿಗೆಂದೇ ಇನ್ನೊಂದು ಕೊಠಡಿಯಿದ್ದು, ಗಾಳಿ ಮತ್ತು ದ್ರವ ಎರಡೂ ಸಣ್ಣ ಬಲೆಯ ಮೂಲಕ ಹಾಯುವಾಗ ನೊರೆಯಾಗುತ್ತವೆ. ಆದುದರಿಂದಲೇ ಆ ಸಾಬೂನು ನೀರಿನಷ್ಟು ತೆಳುವಾಗಿರುತ್ತದೆ, ಯಾರೂ ನೀರು ಬೆರೆಸಿ ಮೋಸ ಮಾಡಿದ್ದಲ್ಲ.

ಪಂಪಿನ ಮಹತ್ವವನ್ನು ಮೊದಲು ಮನಗಂಡ ವ್ಯಾಪಾರಿ ಅಮೆರಿಕದ ಮಿನೆಟೊಂಕಾ ಕಂಪೆನಿಯ ರಾಬರ್ಟ್ ಟೇಲರ್. 1980ರಲ್ಲಿ ಅವರು ಸಾಫ್ಟ್‌ಸೋಪ್ ಎಂಬ ದ್ರವ ಸಾಬೂನನ್ನು ಮಾರುಕಟ್ಟೆಗೆ ತಂದಾಗ, ದ್ರವ ಸಾಬೂನೂ ಪಂಪೂ ಹಿಂದಿನಿಂದ ಇದ್ದವೇ ಆದ್ದರಿಂದ ಪೇಟೆಂಟಿನ ರಕ್ಷಣೆ ದೊರೆಯುವಂತಿರಲಿಲ್ಲ. ದೊಡ್ಡ ಕಂಪೆನಿಗಳು ನಾಳೆಯೇ ನಕಲು ಮಾಡಬಹುದಿತ್ತು. ಆಗ ಅಲ್ಲಿ ಅಂಥ ಪಂಪು ತಯಾರಿಸುತ್ತಿದ್ದದ್ದು ಎರಡೇ ಕಾರ್ಖಾನೆಗಳು. ಟೇಲರ್ ಅವೆರಡಕ್ಕೂ ಸೇರಿ 10 ಕೋಟಿ ಪಂಪುಗಳಿಗೆ ಬೇಡಿಕೆ ಸಲ್ಲಿಸಿ ಬೇರೆಯವರಿಗೆ ಪಂಪೇ ಸಿಗದಂತೆ ಮಾಡಿದರು. ಸಾಬೂನಿನ ಪೈಪೋಟಿಯನ್ನು ಅವರು ಗೆದ್ದದ್ದು ಸಾಬೂನಿನಿಂದಲ್ಲ, ಕುಪ್ಪಿಯ ಬಾಯಿಯಿಂದ.

ಮಿಕ್ಕ ಕೆಲವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬಾಲ್ ಪೆನ್ನಿನ ತುದಿಯ ಗುಂಡನ್ನು ದೊಡ್ಡದು ಮಾಡಿ ಬೆವರಿನ ವಾಸನೆಯ ಮದ್ದಿಗೆ ಅಳವಡಿಸಿದ ರೋಲ್-ಆನ್ ಬಂದದ್ದು 1950ರ ದಶಕದ ಆರಂಭದಲ್ಲಿ, ಹೆಲೆನ್ ಬಾರ್ನೆಟ್ ಡಿಸೆರೆನ್ಸ್ ಎಂಬ ಮಹಿಳೆಯ ಪರಿಶ್ರಮದಿಂದ. ಒತ್ತಿದರೆ ಮಂಜಿನಂತೆ ಸಿಂಪಡಿಸುವ ಡಬ್ಬಿಯನ್ನು ನಾರ್ವೆಯ ಎರಿಕ್ ರೊಥೈಮ್ 1920ರ ದಶಕದಲ್ಲಿ ರೂಪಿಸಿದ. ಮುಂದೆ ಅಂಥ ಡಬ್ಬಿಗಳಲ್ಲಿ ತುಂಬತೊಡಗಿದ ಸಿಎಫ್‌ಸಿ ಎಂಬ ಅನಿಲ ಓಝೋನ್ ಪದರವನ್ನು ನಾಶಮಾಡಬಲ್ಲದೆಂದು 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ತೋರಿಸಿಕೊಟ್ಟರು, 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ಇಂದಿನ ಡಬ್ಬಿಗಳಲ್ಲಿ ಹೆಚ್ಚಾಗಿ ಅಡುಗೆ ಅನಿಲದ ಜಾತಿಯದೇ ಅನಿಲವಿರುವುದರಿಂದ ಅವನ್ನು ಒಲೆಯ ಬಳಿ ಖಂಡಿತ ಇಡಬಾರದು.

ತಲೆಕೆಳಗಾಗಿ ನಿಲ್ಲಿಸುವ ಕುಪ್ಪಿಗಳು ಸೋರದಿರುವುದು ಹೇಗೆಂದು ನೀವು ಯೋಚಿಸಿರಬಹುದು. ಅದರ ಮುಚ್ಚಳದೊಳಗೆ ಮೆತ್ತನೆಯ ಸಿಲಿಕೋನಿನ ಪುಟ್ಟ ಬಟ್ಟಲೊಂದಿದ್ದು ಅದರ ನಡುವೆ ಸೀಳು ಇರುತ್ತದೆ. ಹಿಂಡಿದರೆ ಸೀಳು ಹೊರಕ್ಕೆ ಅರಳುತ್ತದೆ, ಬಿಟ್ಟರೆ ಗಾಳಿಯನ್ನು ಒಳಕ್ಕೆ ಎಳೆದುಕೊಂಡು ತಾನೇ ಮುಚ್ಚಿಕೊಳ್ಳುತ್ತದೆ. ಇದನ್ನು 1990ರ ದಶಕದ ಆರಂಭದಲ್ಲಿ ಸಾಧಿಸಿದವರು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಸಣ್ಣದೊಂದು ಅಚ್ಚಿನ ಕಾರ್ಖಾನೆ ನಡೆಸುತ್ತಿದ್ದ ಪಾಲ್ ಬ್ರೌನ್. ನೂರಕ್ಕೂ ಹೆಚ್ಚು ಮಾದರಿಗಳು ಕೈಕೊಟ್ಟ ಮೇಲೆ ಅವರಿಗೆ ಇದು ಒಲಿಯಿತು. ಮದರಾಸಿನ ಐಐಟಿಯಲ್ಲಿ ಓದಿದ ಕೃಪಾ ವಾರಣಾಸಿ ಅಮೆರಿಕದ ಎಂಐಟಿಯಲ್ಲಿ ತಮ್ಮ ವಿದ್ಯಾರ್ಥಿಗಳ ಜೊತೆಗೂಡಿ ಕುಪ್ಪಿಯ ಒಳಮೈಗೆ ಸದಾ ಜಾರುವ ಲೇಪವನ್ನು ಕಂಡುಹಿಡಿದಿದ್ದಾರೆ; ಅದನ್ನು ಬಳಿದ ಕುಪ್ಪಿಯಲ್ಲಿ ಟೂತ್‌ಪೇಸ್ಟು ಒಂದಿಷ್ಟೂ ಅಂಟದೆ ಇಳಿದು ಬರುತ್ತದೆ. ಕತ್ತರಿ ಹಾಕುವ ನಮ್ಮ ಅಭ್ಯಾಸಕ್ಕೆ ಅದು ಒಳ್ಳೆಯ ಉತ್ತರ.

ಇಷ್ಟೆಲ್ಲ ಆದ ಮೇಲೆ ಖಾಲಿಯಾದ ಕುಪ್ಪಿ ಎಲ್ಲಿಗೆ ಹೋಗುತ್ತದೆ? ಮಲ್ಪೆಯ ಕಡೆ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವರ ಜೊತೆ ಸ್ವಲ್ಪ ಹೊತ್ತು ನಿಂತರೆ ಮೀನಿನ ನಡುವೆ ಸ್ಯಾಶೆಗಳು ಹೊಳೆಯುವುದನ್ನು ಕಾಣಬಹುದು. ದೂರದಿಂದ ಅವೂ ಬಂಗುಡೆಯ ಹೊಟ್ಟೆಯಂತೆಯೇ ಮಿನುಗುತ್ತವೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿರುವಂಥ ಒಣಕಸ ವಿಂಗಡಣಾ ಘಟಕಕ್ಕೆ ಬಂದರೂ ಪಂಪಿನ ಕಥೆ ಸುಲಭವಲ್ಲ, ಏಕೆಂದರೆ ಅದರ ಪ್ಲಾಸ್ಟಿಕ್ಕಿನೊಳಗೆ ಉಕ್ಕಿನ ಸ್ಪ್ರಿಂಗ್ ಇದೆ, ಕೆಲವೊಮ್ಮೆ ಉಕ್ಕಿನದೋ ಗಾಜಿನದೋ ಗೋಲಿಯಿದೆ. ಇದನ್ನರಿತ ತಯಾರಕರು ಈಗ ಸ್ಪ್ರಿಂಗನ್ನೂ ಪ್ಲಾಸ್ಟಿಕ್ಕಿನಲ್ಲೇ ಮಾಡಿದ ಪಂಪುಗಳನ್ನು ತಂದಿದ್ದಾರೆ. ಕೋಲ್ಗೇಟ್ ಕಂಪೆನಿ 2019ರಲ್ಲಿ ಒಂದೇ ಜಾತಿಯ ಪ್ಲಾಸ್ಟಿಕ್ಕಿನ ಟ್ಯೂಬನ್ನು ಸಿದ್ಧಪಡಿಸಿ, ಅದರ ವಿಧಾನವನ್ನು ಪ್ರತಿಸ್ಪರ್ಧಿಗಳಿಗೂ ತಿಳಿಸಿತು. ನನ್ನ ದೃಷ್ಟಿಯಲ್ಲಿ ಇವು ಪಂಪನ್ನು ಕಂಡುಹಿಡಿದಷ್ಟೇ ದೊಡ್ಡ ಸಂಶೋಧನೆಗಳು.

ಆದರೆ ನಮ್ಮ ಕೈಯಲ್ಲೇ ಇರುವ ಇನ್ನೊಂದು ದಾರಿಯೂ ಇದೆ. ಸಾವಿರಾರು ಸಲ ಒತ್ತಿಸಿಕೊಳ್ಳಬಲ್ಲ ಪಂಪು ಕೆಲವು ನೂರು ಸಲಕ್ಕೇ ಕಸದ ಬುಟ್ಟಿ ಸೇರಬೇಕಾಗಿಲ್ಲ. ಗಾಣದ ಅಂಗಡಿಗೆ ಮನೆಯ ಕ್ಯಾನು ಹಿಡಿದುಕೊಂಡು ಹೋಗಿ ತೆಂಗಿನೆಣ್ಣೆ ತರುವವರು ಉಡುಪಿಯಲ್ಲೂ ಮಂಗಳೂರಿನಲ್ಲೂ ಇಂದಿಗೂ ಇದ್ದಾರೆ. ಸಾಬೂನಿಗೂ ಅದೇ ಕ್ರಮ ಸಲ್ಲುತ್ತದೆ, ಮರುತುಂಬುವ ಚೀಲಗಳು ಈಗ ಹಲವು ಅಂಗಡಿಗಳಲ್ಲಿ ಸಿಗುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು. ಅರ್ಧ ಖಾಲಿಯಾದ ಕುಪ್ಪಿಗೆ ಮೇಲಿಂದ ಸುರಿಯಬಾರದು, ಹಳೆಯ ಸಾಬೂನಿನಲ್ಲಿ ರೋಗಾಣುಗಳು ಬೆಳೆದಿರಬಹುದು. ಪೂರ್ತಿ ಮುಗಿದ ಮೇಲೆ ಕುಪ್ಪಿಯನ್ನೂ ಪಂಪನ್ನೂ ಬಿಸಿನೀರಿನಲ್ಲಿ ತೊಳೆದು, ನಮ್ಮ ಮಳೆಗಾಲದಲ್ಲಿ ಕಷ್ಟವಾದರೂ ಚೆನ್ನಾಗಿ ಒಣಗಿಸಿ, ಆಮೇಲೆ ತುಂಬಬೇಕು.

ಕೊನೆಯದಾಗಿ ಜಪಾನಿನ ಒಂದು ಸಂಗತಿ. ಅಲ್ಲಿನ ಕಾವೋ ಎಂಬ ಕಂಪೆನಿಗೆ ಕಣ್ಣು ಕಾಣದವರಿಂದ ಒಂದು ಅಹವಾಲು ಬಂತು: ತಲೆ ತೊಳೆಯುವಾಗ ಶಾಂಪೂ ಯಾವುದು, ಆಮೇಲೆ ಹಚ್ಚುವ ರಿನ್ಸ್ ಯಾವುದು ಎಂದು ತಿಳಿಯುವುದಿಲ್ಲ. 1991ರಲ್ಲಿ ಆ ಕಂಪೆನಿ ಶಾಂಪೂ ಕುಪ್ಪಿಯ ಪಕ್ಕಕ್ಕೆ ಬೆರಳಿಗೆ ತಾಗುವ ಸಾಲು ಗೀರುಗಳನ್ನು ಮೂಡಿಸಿತು; ಎಲ್ಲ ಕಂಪೆನಿಗಳ ಕುಪ್ಪಿಗೂ ಅದೇ ಗುರುತು ಇರಲೆಂದು ಅದರ ಹಕ್ಕನ್ನು ತನ್ನಲ್ಲೇ ಉಳಿಸಿಕೊಳ್ಳಲಿಲ್ಲ. ಕಣ್ಣಿಗೆ ನೊರೆ ಹೋದಾಗ ಕಣ್ಣು ಕಾಣುವವರಿಗೂ ಅದು ಬೇಕಾಗುತ್ತದೆ.

ಕಾಪುವಿನಲ್ಲಿರುವ ನನ್ನ ದೊಡ್ಡಮ್ಮನಿಗೆ ಈಗ ಕಣ್ಣು ಮಂಜು. ಮಗಳು ತಂದಿಟ್ಟ ಶಾಂಪೂವೂ ಮೈಗೆ ಹಚ್ಚುವ ಸಾಬೂನೂ ಒಂದೇ ಬಗೆಯ ಕುಪ್ಪಿಗಳಲ್ಲಿದ್ದವು. ಕಳೆದ ಸಲ ಹೋದಾಗ ನೋಡಿದೆ, ಒಂದರ ಕೊರಳಿಗೆ ಮಲ್ಲಿಗೆಯ ಅಟ್ಟೆ ಕಟ್ಟುವ ಬಾಳೆನಾರನ್ನು ಎರಡು ಸುತ್ತು ಬಿಗಿದು ಗಂಟು ಹಾಕಿದ್ದರು. ನಾರು ಇರುವುದು ತಲೆಗೆ, ಇಲ್ಲದ್ದು ಮೈಗೆ ಎಂದು ನನಗೆ ವಿವರಿಸಿ, ಗಂಟು ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ಬೆರಳಾಡಿಸಿ ನೋಡಿಕೊಂಡರು.

ನಮಸ್ಕಾರ.